ನಾನು ಮಾಡದ ಎರಡನೇ ಫೋನು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ, ನನ್ನ ಸ್ವಭಾವ ನನಗೆ ಗೊತ್ತು, ಅಷ್ಟರಲ್ಲಿ ಏನಾದರೊಂದು ತಮಾಷೆ ಮಾಡಿ ಜಾರಿಕೊಂಡಿರುತ್ತೇನೆ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಸಾಹೇಬರ ಧ್ವನಿಯಲ್ಲಿ ಮಾತಾಡಿ, ಹರಿಹರದ ಒಂದು ಕಣ್ಣಾಸ್ಪತ್ರೆಯ ಅಷ್ಟೂ ರೋಗಿಗಳ ಕಣ್ಣಿನ ಚಿತ್ರಗಳನ್ನು ಅಳಿಸಿಹಾಕಲು ಅಪ್ಪಣೆ ಕೊಟ್ಟವನು ನಾನು. ತಮಾಷೆಗೆ.

ದೆವ್ವ, ಅಶರೀರವಾಣಿ ಇಂಥವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅಣಕಿಸುವವನಿಗೆ ಅದು ಇರುವುದೂ ಕಷ್ಟ. ಧ್ವನಿ ಎಂದರೆ ಮೂಗು, ಗಂಟಲು, ನಾಲಿಗೆ ಸೇರಿ ಮಾಡುವ ಕಸುಬು ಅಷ್ಟೇ ಎಂದು ತಿಳಿದವನು ನಾನು. ಮಾಯಕೊಂಡದ ನಮ್ಮ ದೊಡ್ಡಮ್ಮನ ಮೈಮೇಲೆ ದೇವರು ಬಂದಾಗ ಹೊರಡುವ ಧ್ವನಿಯನ್ನು ಮೂರನೇ ಕ್ಲಾಸಿನಲ್ಲೇ ಮಾಡಿ ತೋರಿಸಿ ಬೆನ್ನಿಗೆ ಏಟು ತಿಂದಿದ್ದೆ. ಬಸ್ ಕಂಡಕ್ಟರು, ಬ್ಯಾಂಕಿನ ಮ್ಯಾನೇಜರು ಯಾರನ್ನೂ ಬಿಟ್ಟಿರಲಿಲ್ಲ, ಅಮ್ಮನ ಹತ್ತಿರ ಫೋನಿನಲ್ಲಿ ಸುಳ್ಳು ಹೇಳುವ ನನ್ನನ್ನೂ. ಎಲ್ಲರಿಗಿಂತ ಸುಲಭ ನನ್ನನ್ನು ಮಾಡುವುದು. ಅರ್ಧ ಮೂಗಿನಲ್ಲಿ, ಅರ್ಧ ಗಂಟಲಿನಲ್ಲಿ ಮಾತಾಡಿ, ನಡುವೆ ಒಂದು ನೆಪ ಸೇರಿಸಿದರೆ ಆಯಿತು.

ನಾಲ್ಕು ವರ್ಷದ ಹಿಂದಿನ ಮಾತು. ದಾವಣಗೆರೆಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ಕೂಡಿಸಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಮಾಲೀಕರು ವಾಗೀಶ್ ಸರ್. ಕೆಲಸಗಾರರು ಇಬ್ಬರೇ, ನಾನು ಮತ್ತು ಕೊಂಡಜ್ಜಿಯ ಮಂಜಣ್ಣ. ಮಂಜಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ಕೈಕೆಲಸ ಅಚ್ಚುಕಟ್ಟು, ಸಾಹೇಬರ ಮಾತೆಂದರೆ ಮುಗಿಯಿತು. ಅವಸರದಲ್ಲಿ ಮಾತಾಡಿದರೆ ಮೊದಲ ಅಕ್ಷರ ಅವನ ನಾಲಿಗೆಗೆ ಅಂಟಿಕೊಳ್ಳುತ್ತದೆ. ಆಫೀಸಿನ ಆಯುಧಪೂಜೆಯ ಊಟದಲ್ಲಿ ನಾನು ಅವನನ್ನೂ ಮಾಡಿ ತೋರಿಸಿದ್ದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಪಕ್ಕದಲ್ಲಿ ಕೂತಿದ್ದ ಅವನ ಮಗಳು ಮಾತ್ರ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ, “ಅಪ್ಪಾ, ನೀನು ಹಂಗೆ ಮಾತಾಡ್ತೀಯಾ?” ಎಂದು ಕೇಳಿದಳು. ನಾನು ಕೇಳಿಸದವನಂತೆ ಸಾರು ಹಾಕಿಸಿಕೊಂಡೆ.

ಕಣ್ಣಾಸ್ಪತ್ರೆಯಲ್ಲಿ ಎರಡು ಸರ್ವರ್‌ಗಳಿದ್ದವು. ಒಂದೊಂದರ ಒಳಗೂ ನಾಲ್ಕೈದು ಕಂಪ್ಯೂಟರುಗಳು ಬೇರೆ ಬೇರೆ ಇರುವ ಹಾಗೆ ನಡೆಯುತ್ತವೆ. ಇದಕ್ಕೆ ವರ್ಚುವಲ್ ಎನ್ನುತ್ತಾರೆ. ಎರಡಕ್ಕೂ ಸೇರಿ ಒಂದೇ ಹೊಸ ಸ್ಟೋರೇಜ್ ಪೆಟ್ಟಿಗೆ ಕೂಡಿಸುವುದು ನಮ್ಮ ಕೆಲಸ. ಎರಡು ಅಡುಗೆಮನೆಗೆ ಒಂದು ಉಗ್ರಾಣ ಇದ್ದ ಹಾಗೆ, ಒಂದು ಸರ್ವರ್ ನಿಂತರೆ ಇನ್ನೊಂದು ಅದೇ ಉಗ್ರಾಣದಿಂದ ಕೆಲಸ ಮುಂದುವರಿಸುತ್ತದೆ. ರೋಗಿಗಳ ಕಣ್ಣಿನ ಚಿತ್ರಗಳಿದ್ದ ಹಳೆಯ ಪೆಟ್ಟಿಗೆಯಿಂದ ಹೊಸದಕ್ಕೆ ಎಲ್ಲ ಕಾಪಿ ಆಗಬೇಕು, ಸರಿಯಾಗಿದೆಯೇ ನೋಡಬೇಕು, ಆಮೇಲಷ್ಟೇ ಹಳೆಯದನ್ನು ಅಳಿಸಿ ಬ್ಯಾಕಪ್‌ಗೆ ಇಟ್ಟುಕೊಳ್ಳಬೇಕು. ಅಲ್ಲಿಯವರೆಗೆ ಆ ಚಿತ್ರಗಳಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಹೋದ ವರ್ಷದ ಚಿತ್ರ ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಯಾರ ಕಣ್ಣು ಎಷ್ಟು ಕೆಟ್ಟಿದೆ ಎಂದು ಡಾಕ್ಟರಿಗೂ ಹೇಳಲಾಗದು.

ಭಾನುವಾರ ಹೊರರೋಗಿಗಳು ಇರುವುದಿಲ್ಲವೆಂದು ಅವತ್ತೇ ಕೆಲಸ ಇಟ್ಟುಕೊಂಡೆವು. ಮಂಜಣ್ಣ ಹರಿಹರಕ್ಕೆ ಹೋದ. ಸಾಹೇಬರು ಕುಕ್ಕುವಾಡದಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋದರು. ನಾನು ದಾವಣಗೆರೆಯ ಆಫೀಸಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತ ಬೇಸರಪಟ್ಟುಕೊಂಡು ಕೂತಿದ್ದೆ. ಕಾಪಿ ಸಂಜೆಯವರೆಗೆ ನಡೆಯುವುದಿತ್ತು. ಸರ್ವರ್ ಇದ್ದದ್ದು ನೆಲಮಾಳಿಗೆಯಲ್ಲಿ. ಮೊಬೈಲ್ ಸಿಗುವುದಿಲ್ಲ, ಗೋಡೆಯ ಮೇಲೆ ಒಂದು ಹಳೆಯ ಫೋನಿದೆ. ಅದಕ್ಕೆ ಫೋನ್ ಮಾಡಿ, ಗಂಟಲು ಕೆರೆದು, ವಾಗೀಶ್ ಸರ್ ಆದೆ.

“ಅಲ್ಲಾ ಮಂಜುನಾಥ, ಇನ್ನೂ ಅಲ್ಲೇ ಕುಂತಿದೀಯೇನು? ನಾನು ವಿಚಾರ್ಸೀನಿ, ಕಾಪಿ ಮುಗಿದೈತೆ. ಹಳೇದನ್ನ ಅಳಿಸಿ ಹೊರಡು. ತಿಳೀತಾ?”

ಪರದೆ ನೋಡಿ, ಇನ್ನೂ ಅರ್ಧವೂ ಆಗಿಲ್ಲ ಸರ್ ಎಂದು ತಡವರಿಸುತ್ತಾನೆ, ಆಗ ನಕ್ಕುಬಿಡೋಣ ಎಂದಿದ್ದೆ. ಅವನು “ಆತು ಸರ್” ಎಂದು ಫೋನ್ ಇಟ್ಟ.

ಮಿರ್ಚಿ ಬಾಯಲ್ಲೇ ಉಳಿಯಿತು. ಆ ಫೋನಿನ ಪಕ್ಕದಲ್ಲಿ ಅವನ ಮುಂದೆ ಇದ್ದದ್ದು ಮೊದಲನೇ ಸರ್ವರಿನ ಪರದೆ. ಅದರ ಕಾಪಿ ಮುಗಿದಿರಲೂಬಹುದು. ಚಿತ್ರಗಳ ಕಾಪಿ ನಡೆಯುತ್ತಿದ್ದದ್ದು ಎರಡನೆಯದರಲ್ಲಿ. ಸಾಹೇಬರೇ ಮುಗಿದಿದೆ ಎಂದ ಮೇಲೆ ಅವನು ಎರಡನೆಯದನ್ನು ಯಾಕೆ ನೋಡುತ್ತಾನೆ? ತಕ್ಷಣ ಮತ್ತೆ ಫೋನ್ ಮಾಡಿದೆ. ಎಂಗೇಜ್. ಐದು ಸಲ ಮಾಡಿದೆ, ಐದು ಸಲವೂ ಎಂಗೇಜ್. ಆಸ್ಪತ್ರೆಯ ಮುಂಬಾಗಿಲ ಫೋನನ್ನು ಯಾರೂ ಎತ್ತಲಿಲ್ಲ. ಬೈಕ್ ಹತ್ತಿದೆ.

ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಮಾತಾಡಿಕೊಂಡೇ ಹೋದೆ. ಅಳಿಸಿದ್ದರೆ ಕೆಲಸ ಹೋಗುವುದು ಮಂಜಣ್ಣನದು, ಗುಂಡಿ ಒತ್ತಿದವನು ಅವನು. ಮೊದಲು ನಿಜ ಹೇಳುವುದನ್ನು ಅಭ್ಯಾಸ ಮಾಡಿದೆ: “ಅಣ್ಣಾ, ಅದು ನಾನು. ಸಾಹೇಬ್ರಲ್ಲ. ಮುಟ್ಟಬ್ಯಾಡ. ಅವತ್ತು ಮಗಳ ಮುಂದೆ ನಿನ್ನ ಅಣಕಿಸಿದ್ದೂ ತಪ್ಪಾತು.” ಆ ಕೊನೆಯ ಮಾತು ಎಲ್ಲಿಂದ ಬಂತೋ ನನಗೇ ಆಶ್ಚರ್ಯವಾಯಿತು. ಆ ಊಟದ ದಿನದಿಂದ ಅದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಹರಿಹರ ಹತ್ತಿರ ಬಂದಂತೆ ಧೈರ್ಯ ಇಳಿಯಿತು. ಬೇರೆ ಯಾರೋ ಸಾಹೇಬರ ಹೆಸರು ಹೇಳಿ ಫೋನ್ ಮಾಡಿದ್ದಾರೆ ಎನ್ನುವುದೇ ಲೇಸು ಎಂದು ತೀರ್ಮಾನಿಸಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದೆ.

ಮಂಜಣ್ಣ ಸ್ಟೂಲಿನ ಮೇಲೆ ಕೂತು ಫ್ಲಾಸ್ಕಿನ ಚಾ ಕುಡಿಯುತ್ತಿದ್ದ. ಎರಡನೇ ಸರ್ವರಿನ ಪರದೆಯಲ್ಲಿ ಕಾಪಿ ನಡೆಯುತ್ತಿತ್ತು. ಹಳೆಯ ಪೆಟ್ಟಿಗೆ ಇದ್ದ ಹಾಗೇ ಇತ್ತು.

“ಅಣ್ಣಾ, ಯಾರೋ ಸಾಹೇಬ್ರ ಹೆಸರು ಹೇಳಿ ಫೋನ್ ಮಾಡಿದ್ರಂತೆ…” ಎಂದು ಶುರುಮಾಡಿದೆ.

“ಮತ್ತೆ ಹಚ್ಚಿದ್ಯಾ?” ಎಂದ. “ಈಗಿನ್ನ ಎಲ್ಲಾ ಒಪ್ಕೊಂಡ್ಯಲ್ಲೋ.”

ಏನು ಒಪ್ಪಿಕೊಂಡೆ ಎಂದು ಕೇಳಿದೆ. ಅವನು ಹೇಳಿದ್ದು ಇಷ್ಟು. ಸಾಹೇಬರ ಫೋನ್ ಇಟ್ಟು, ಪರದೆಯ ಮೇಲೆ ಅಳಿಸುವ ಗುಂಡಿಯ ಹತ್ತಿರ ಮೌಸಿನ ಬಾಣ ತಂದಿಟ್ಟಿದ್ದನಂತೆ. ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಎತ್ತಿದರೆ ನಾನು. ಅದು ನಾನು, ಸಾಹೇಬ್ರಲ್ಲ, ಮುಟ್ಟಬ್ಯಾಡ ಎಂದೆನಂತೆ. ಅಳುತ್ತಿದ್ದೆನಂತೆ. ಬಹಳ ಹೊತ್ತು ಮಾತಾಡಿದೆನಂತೆ.

“ಮಗಳ ಮುಂದೆ ಅಣಕಿಸಿದ್ದು ತಪ್ಪಾತು ಅಂದಿ. ಅದನ್ನ ಇನ್ನೂ ತಲಿಯಾಗೆ ಇಟ್ಕಂಡಿದೀಯೇನೋ ಅನ್ನಿಸ್ತು. ಆತು ಬಿಡಪ್ಪಾ ಅಂದೆ.”

ನನಗೆ ಹತ್ತೂ ಸಲ ಎಂಗೇಜ್ ಬಂತು ಅಣ್ಣಾ, ನಾನು ಮಾಡಿಲ್ಲ ಎಂದೆ. ಐದನ್ನು ಹತ್ತು ಮಾಡುವುದು ಆಗಲೂ ಬಿಡಲಿಲ್ಲ ನೋಡಿ.

“ನೀನೇ ಮಾತಾಡ್ತಿದ್ಯಲ್ಲ, ಎಂಗೇಜ್ ಬರದೆ ಏನು ಬರ್ತೈತೆ?” ಎಂದ.

ಮೇಲೆ ಬಂದು ಮೊಬೈಲ್ ತೆಗೆದು ತೋರಿಸಿದೆ. ಆ ನಂಬರಿಗೆ ಒಂದೇ ಕರೆ ತಗುಲಿತ್ತು, ಅರ್ಧ ನಿಮಿಷದ್ದು. ಉಳಿದ ಐದೂ ತಗುಲದವು. ಅವನು ಎರಡು ಸಲ ಸ್ಕ್ರಾಲ್ ಮಾಡಿ ನೋಡಿ ಮೊಬೈಲ್ ವಾಪಸ್ ಕೊಟ್ಟ. ಆಫೀಸಿನ ಬೇರೆ ಫೋನಿನಿಂದ ಮಾಡಿರಬೇಕು ಎಂದ. ಆಫೀಸಿನಲ್ಲಿ ಬೇರೆ ಫೋನೇ ಇಲ್ಲ ಎನ್ನುವುದು ಅವನಿಗೂ ಗೊತ್ತು.

ಆಮೇಲೆ ನಾನು ಮಾಡದ ಊಹೆ ಇಲ್ಲ. ನನ್ನನ್ನು ಅಣಕಿಸಬಲ್ಲ ಇನ್ನೊಬ್ಬ ಇದ್ದಾನೆಯೇ ಎಂದು ಗೆಳೆಯರನ್ನು ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿದೆ. ಇದ್ದರೂ, ದಾರಿಯಲ್ಲಿ ನಾನು ಆಮೇಲೆ ಜೋಡಿಸಿಕೊಂಡ ಮಾತು ಅವನಿಗೆ ಮೊದಲೇ ಹೇಗೆ ಗೊತ್ತು? ಮಂಜಣ್ಣನೇ ಆಟ ಆಡಿದನೇ? ಅವನ ಜಾಯಮಾನದಲ್ಲೇ ಅದಿಲ್ಲ, ಇದ್ದರೂ ಹೆಲ್ಮೆಟ್ಟಿನೊಳಗಿನ ಮಾತು ಅವನಿಗೆ ಕೇಳಿಸುವುದಿಲ್ಲ. ಆ ಕರೆ ಮಾಡಿದ್ದು ಯಾರೇ ಇರಲಿ, ನನಗಿಂತ ಒಳ್ಳೆಯವನು ಎನ್ನುವುದೊಂದೇ ಚುಚ್ಚುತ್ತದೆ. ಮಂಜಣ್ಣ ಈ ಸಂಗತಿಯನ್ನು ಸಾಹೇಬರಿಗೆ ಹೇಳಲೇ ಇಲ್ಲ. ಆಸ್ಪತ್ರೆಯವರು ಕೆಲಸ ಚೆನ್ನಾಗಿದೆ ಎಂದು ಪೇಡೆ ಕೊಟ್ಟರು. ನನ್ನ ಪಾಲಿನದನ್ನೂ ಅವನ ಮಗಳಿಗೇ ಕಳಿಸಿ, ಅದರಿಂದ ಏನೋ ತೀರಿತು ಎಂದುಕೊಂಡೆ.

ತೀರಲಿಲ್ಲ. ಸಿಕ್ಕಾಗೆಲ್ಲ ಅದೇ ಮಾತು ತೆಗೆಯುತ್ತಿದ್ದೆ: ಆಣೆ ಮಾಡಿ ಹೇಳ್ತೀನಿ ಅಣ್ಣಾ, ಎರಡನೇ ಫೋನು ನಾನು ಮಾಡಿದ್ದಲ್ಲ. ಮೂರು ನಾಲ್ಕು ಸಲ ಅವನು ನಕ್ಕು ಕೆಲಸ ಮುಂದುವರಿಸಿದ. ಒಂದು ದಿನ ಆಫೀಸಿನಲ್ಲಿ ವೈರಿನ ತುದಿ ಕತ್ತರಿಸುತ್ತ ಕೂತಿದ್ದವನು, ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ. ಆ ದಿನದಿಂದ ಈ ಮಾತು ನಾನು ಅವನ ಮುಂದೆ ಎತ್ತಿಲ್ಲ.

“ಎರಡನೇ ಸಲ ಫೋನ್ ಮಾಡಿದೋನು ತಪ್ಪಾತು ಅಂದ, ನಾನು ಆತು ಬಿಡಪ್ಪಾ ಅಂದೆ. ಅವನು ನೀನಲ್ಲ ಅಂದ್ರೆ, ನೀನು ಇನ್ನೂ ತಪ್ಪಾತು ಅಂದಿಲ್ಲ ಅಂತಾತಲ್ಲೋ ತಮ್ಮಾ.”