ಪಟ್ಟಿ ಅಳಿಸಿದಾಕೆ

ಹತ್ತನೆಯ ತರಗತಿ ಮುಗಿಸಿದವನೆಂಬ ಸೊಕ್ಕು ನನಗೆ ಬಹಳ ಇತ್ತು. ದೇವಾಪುರದ ನಮ್ಮ ಕಾಲುವೆಯಲ್ಲಿ ಯಾವ ದಿನ ಯಾರ ಹೊಲಕ್ಕೆ ನೀರು ಎಂಬ ಪಾಳಿ ಪಟ್ಟಿಯನ್ನು ನಾನೇ ನನ್ನ ಲ್ಯಾಪ್‌ಟಾಪಿನಲ್ಲಿ ಬರೆದಿಡುತ್ತಿದ್ದೆ. ಆ ಯಂತ್ರ ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು.

ಕಾಲುವೆಯ ಕೊನೆಯಲ್ಲಿ ಹೊಲವಿದ್ದ ಮನೆಯ ಸೊಸೆ ಶಹಾಪುರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಆಕೆಯೇ ಒಂದು ಭಾನುವಾರ ಬಂದು ಯಂತ್ರ ನಡೆಸುವ ಹಳೆಯ ತಂತ್ರಾಂಶ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದಳು. ನಡುವೆ ನಾನು ಏನೋ ಒತ್ತಲು ಹೋದೆ.

“ಕೈ ಹಚ್ಚಬ್ಯಾಡ್ರಿ ಕಾಕಾ, ಸುಮ್ನ ಕೂಡ್ರಿ.”

ನನ್ನ ಹೆಂಡತಿ ನಕ್ಕಳು. ಅದು ನನಗೆ ಚುಚ್ಚಿತು.

ಮರುದಿನ ಕಟ್ಟೆಯ ಮೇಲೆ ರೈತರ ನಡುವೆ ಪಟ್ಟಿ ತೆರೆದರೆ ಕನ್ನಡವೇ ಇರಲಿಲ್ಲ. ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಆಕೆಯನ್ನು ಕರೆಸಿದೆ.

“ಏನವಾ, ಪಟ್ಟಿ ಅಳಿಸಿ ನೀರೆಲ್ಲ ನಿಮ್ಮ ಹೊಲಕ್ಕ ಒಯ್ಯಬೇಕಂತ ಮಾಡೀಯೇನು?”

“ಅಳಿಸಿಲ್ರಿ ಕಾಕಾ. ನೀವು ಟೈಪ್ ಮಾಡಿದ್ದ ಕನ್ನಡ ಅಕ್ಷರದ ಹಳೀ ಫಾಂಟು ಇದರಾಗಿಲ್ಲ. ಅದನ್ನ ಹಾಕಿದ್ರ ಎಲ್ಲಾ ಕಾಣತೈತಿ. ನಾಳಿ ಸಾಲಿಯಿಂದ ತರ್ತೀನಿ.”

“ಪುಕಟ್ ಮಾಲು, ಪುಕಟ್ ಬುದ್ಧಿ!” ಎಂದೆ. ಕಟ್ಟೆಯೆಲ್ಲ ನಕ್ಕಿತು.

ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಾಕಿದ್ದವನೊಬ್ಬ ಎದ್ದು ನಿಂತ. “ಪಟ್ಟಿ ಇಲ್ಲಂದ್ರ ಪಾಳಿನೂ ಇಲ್ಲ. ಮ್ಯಾಲಿದ್ದವರಿಗೆ ಮೊದಲ ನೀರು.”

“ಇವತ್ತ ನಮ್ಮ ಪಾಳಿ ಐತ್ರಿ,” ಆಕೆ ನನ್ನ ಕಡೆಗೇ ತಿರುಗಿದಳು. “ಮೆಣಸಿನ ಗಿಡ ಬಾಡ್ಯಾವ. ನಿಮಗ ಗೊತ್ತೈತಿ, ಹೇಳ್ರಿ ಕಾಕಾ.”

“ಪಟ್ಟಿ ಇಲ್ದ ನಾ ಏನಂತ ಹೇಳ್ಲಿ?”

ಸುಳ್ಳು. ಆ ಪಟ್ಟಿ ನನಗೆ ಬಾಯಿಪಾಠವಿತ್ತು. ಅಂದು ಅವರದೇ ಪಾಳಿ. ಮುಂದಿನದು ಬರಲು ಹದಿನೈದು ದಿನ ಬೇಕು ಎಂಬುದೂ ಗೊತ್ತಿತ್ತು. ಮೇಲಿನವರು ನೀರನ್ನು ಭತ್ತಕ್ಕೆ ತಿರುಗಿಸಿಕೊಂಡರು.

ಮರುದಿನ ಸಂಜೆ ಆಕೆ ಫಾಂಟು ತಂದು ಹಾಕಿದಳು. ಅಕ್ಷರಗಳೆಲ್ಲ ಇದ್ದಲ್ಲೇ ಇದ್ದವು. ಹಿಂದಿನ ದಿನದ ತಾರೀಖಿನ ಮುಂದೆ ಆಕೆಯ ಮಾವನ ಹೆಸರಿತ್ತು. ಆಕೆ ಅದರ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು. ಚಹಾ ಕುಡಿಯದೆ ಎದ್ದುಹೋದಳು.

ಮುಂದಿನ ಪಾಳಿಯ ಹೊತ್ತಿಗೆ ಅವರು ಒಣಗಿದ ಮೆಣಸಿನ ಗಿಡ ಕಿತ್ತು ಬದುವಿಗೆ ಹಾಕಿದ್ದರು.

ಲ್ಯಾಪ್‌ಟಾಪು ಚೆನ್ನಾಗಿಯೇ ನಡೆಯಿತು. ಕಟ್ಟೆಯ ಮೇಲೆ ಆಕೆಯನ್ನು ಇಂದಿಗೂ “ಪಟ್ಟಿ ಅಳಿಸಿದಾಕಿ” ಎನ್ನುತ್ತಾರೆ. ಅಳಿಸಿರಲಿಲ್ಲ ಎಂದು ಇಲ್ಲಿ ಬರೆದಿದ್ದೇನೆ. ಅಲ್ಲಿ ಹೇಳುವ ಎದೆಗಾರಿಕೆ ನನಗೆ ಇನ್ನೂ ಬಂದಿಲ್ಲ.