ಕಾವಲುಮನೆಯ ಡಬ್ಬಿ

ಇರಕಲ್ಲಗಡದ ಗುಡ್ಡದ ತುದಿಯ ಕಾವಲುಮನೆಯಲ್ಲಿ ಕೂತು ಕಾಡಿನ ಬೆಂಕಿ ಕಾಯುತ್ತಿದ್ದ ಗಾಳೇಶ, ಒಂದು ಬೇಸಿಗೆ ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯಲು ಹೋದವನು ತಿರುಗಿ ಬರಲಿಲ್ಲ. ಕಾವಲುಮನೆ ಪಾಳುಬಿತ್ತು. ಹೆಂಡತಿ ಮಾರೆವ್ವ ಮಾತ್ರ ಅಮಾವಾಸ್ಯೆಗೊಮ್ಮೆ ಗುಡ್ಡ ಹತ್ತಿ, ಅವನ ಹೆಸರಲ್ಲಿ ಎಲೆಯಡಿಕೆಯ ಸಂಚಿಯೊಂದನ್ನು ಅಲ್ಲಿಟ್ಟು ಬರುತ್ತಾಳೆ.

ಹೋದ ವರ್ಷ ಗೋಡೆಯ ಸಂದಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಕಂಡಿತು. ಇರುವೆ ಮುತ್ತದಿರಲೆಂದು ಯಾರೋ ಪುಣ್ಯವಂತರು ಇಟ್ಟಿದ್ದಾರೆಂದುಕೊಂಡು ಸಂಚಿಯನ್ನು ಅದರಲ್ಲಿಟ್ಟಳು. ಮುಂದಿನ ಅಮಾವಾಸ್ಯೆಗೆ ಸಂಚಿ ಇರಲಿಲ್ಲ. ಅದರ ಜಾಗದಲ್ಲಿ ನೀಲಿ ಮಣಿಸರವಿತ್ತು. ಗಾಳೇಶನೇ ಇಟ್ಟದ್ದೆಂದುಕೊಂಡಳು ಮಾರೆವ್ವ. ಬದುಕಿದ್ದಾಗಲೂ ಅವನು ಗುಡ್ಡದಿಂದ ಬರಿಗೈಲಿ ಇಳಿದವನಲ್ಲ, ಕಾರೆಹಣ್ಣನ್ನಾದರೂ ತರುತ್ತಿದ್ದ. ಸರವನ್ನು ಕೊರಳಿಗೆ ಹಾಕಿಕೊಂಡೇ ಇಳಿದಳು. ಊರವರು ಆಡಿಕೊಂಡರೆ ಆಡಿಕೊಳ್ಳಲಿ!

ಮೊನ್ನೆ ಹೋದಾಗ ಗಂಗಾವತಿಯ ರೂಪಾ ಎಂಬ ಹುಡುಗಿ ಮೊಬೈಲ್ ನೋಡುತ್ತ ಆ ಡಬ್ಬಿಯನ್ನು ಹುಡುಕಿ ತೆಗೆಯುತ್ತಿದ್ದಳು.

"ಇದೊಂದು ಆಟ ಅಜ್ಜಿ. ಯಾರೋ ಬಚ್ಚಿಟ್ಟ ಡಬ್ಬಿ ಮೊಬೈಲ್‌ನಾಗ ಜಾಗ ನೋಡಿ ಹುಡುಕಬೇಕು. ಡಬ್ಬ್ಯಾಗಿಂದು ಒಂದು ತಗೋಬೇಕು, ನಮ್ಮದೊಂದು ಇಡಬೇಕು. ಆ ಸರ ನಾನ ಇಟ್ಟಿದ್ದೆ ನೋಡ್ರಿ. ನಿಮ್ಮ ಕೊಳ್ಳಾಗ ಭಾಳ ಛಲೋ ಕಾಣತೈತಿ!"

ಮಾರೆವ್ವ ಸರ ಬಿಚ್ಚಿ ಡಬ್ಬಿಗೆ ಹಾಕಿದಳು. ಸಂಚಿಯನ್ನು ಬರಿಗಲ್ಲಿನ ಮೇಲಿಟ್ಟಳು.

"ಅಲ್ಲಿ ಇರುವಿ ಮುತ್ತತಾವ್ರಿ ಅಜ್ಜಿ," ಎಂದಳು ರೂಪಾ.

"ಮುತ್ತಲಿ ಬಿಡವ್ವ. ಇರುವಿ ತಿಂದು ಹೊಕ್ಕಾವ, ಆಸೆ ಹಚ್ಚೂದಿಲ್ಲ."