ಪಾಲಿನ ಮಾತಾಗದ ರಕ್ತ

ನನ್ನ ಹೆಂಡತಿ ತೀರಿಕೊಂಡ ಮೇಲೂ ಅವಳ ರಕ್ತ ಒಂದು ಸಣ್ಣ ಸೀಸೆಯಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳು ತವರೂರು ಲಿಂಗದಹಳ್ಳಿಗೆ ಹೋಗಿದ್ದಳು. ಕೊಟ್ಟಿಗೆಗೆ ಹಾಸಲೆಂದು ತಂಗಿಯ ಜೊತೆ ಕಾಡಂಚಿನಲ್ಲಿ ಒಣಗಿದ ಎಲೆ ಗುಡಿಸಿ ತಂದಳು. ನಮ್ಮೂರು ಪಂಚನಹಳ್ಳಿಗೆ ವಾಪಸಾದಾಗ ಮೈ ಸುಡುತ್ತಿತ್ತು. ಮಂಗನ ಕಾಯಿಲೆ, ಒಣಗೆಲೆಯಲ್ಲಿರುವ ಉಣ್ಣೆಹುಳ ಕಚ್ಚಿ ಬಂದಿದೆ ಎಂದು ಆಸ್ಪತ್ರೆಯವರು ಹೇಳುವಷ್ಟರಲ್ಲಿ ಅವಳು ನನ್ನ ಗುರುತು ಹಿಡಿಯುತ್ತಿರಲಿಲ್ಲ.

ವರ್ಷದ ತಿಥಿ ಕಳೆದ ಮೇಲೆ ಒಬ್ಬ ಡಾಕ್ಟರಮ್ಮ ಜೀಪಿನಲ್ಲಿ ಬಂದರು. ಪರೀಕ್ಷೆಗೆಂದು ತೆಗೆದ ರಕ್ತ ಸ್ವಲ್ಪ ಮಿಕ್ಕಿದೆ, ಅದರಲ್ಲಿ ಆ ಕಾಯಿಲೆಯ ವೈರಸ್ ಇದೆ, ಹೊರದೇಶದ ಪ್ರಯೋಗಾಲಯವೊಂದು ಲಸಿಕೆ ಮಾಡಲು ಕೇಳಿದೆ, ಮನೆಯವರು ಒಪ್ಪಿದರೆ ಕಳಿಸುತ್ತೇವೆ ಎಂದರು. ಮೆತ್ತಗೆ ಮಾತಾಡಿದರು. ಆ ಮೆತ್ತಗಿನ ಮಾತಿನ ಮೇಲೇ ನನಗೆ ಅನುಮಾನ ಬಂತು. ಅವಳು ನರಳುತ್ತಿದ್ದಾಗ ನಮ್ಮನ್ನು ಯಾರೂ ಹುಡುಕಿಕೊಂಡು ಬಂದಿರಲಿಲ್ಲ.

ನಮ್ಮಲ್ಲಿ ಕುರಿಯನ್ನು ಪಾಲಿಗೆ ಕೊಡುತ್ತೇವೆ. ಸಾಕುವವನು ಬೇರೆ, ಕುರಿ ನಮ್ಮದು, ಹುಟ್ಟಿದ ಮರಿಗಳು ಅರ್ಧರ್ಧ. ಕಾಗದವಿಲ್ಲ. ಆದರೆ ಹಗ್ಗ ಕೈ ಬದಲಾಯಿಸುವ ಮೊದಲು ಇಬ್ಬರ ಎದುರು ಪಾಲಿನ ಮಾತು ಆಗಲೇಬೇಕು. ನನ್ನ ತಲೆ ಓಡಿದ್ದೂ ಆ ದಾರಿಯಲ್ಲೇ.

"ಕೆಲಸ ಆದ್ಮೇಲೆ ರಕ್ತ ವಾಪಸ್ ಕೊಡ್ತಾರಾ?" ಎಂದು ಕೇಳಿದೆ.

"ಇಲ್ಲ, ಅದು ಖರ್ಚಾಗಿಹೋಗುತ್ತೆ."

ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ ನಮ್ಮಣ್ಣ ನಕ್ಕುಬಿಟ್ಟ. "ಕುರೀನೂ ಹೋಯ್ತು ಅನ್ನು. ಮರೀನಾದ್ರೂ ಕೇಳ್ಕೊಳೋ, ಲೇ."

"ಲಸಿಕೆ ಆದ್ರೆ ಲಿಂಗದಹಳ್ಳಿಯೋರಿಗೆ ಸಿಗುತ್ತಾ ಡಾಕ್ಟ್ರಮ್ಮ? ಅಣ್ಣನ ಮುಂದೆ, ಆ ಜೀಪಿನ ಡ್ರೈವರಣ್ಣನ ಮುಂದೆ ಒಂದು ಮಾತು ಹೇಳ್ಬಿಡಿ. ಸಹಿ ಹಾಕ್ತೀನಿ."

ಇಂಥ ವೈರಸ್ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಎಷ್ಟು ಪಾಲು ಬರಬೇಕು ಎಂಬ ಮಾತು ದೇಶದೇಶಗಳ ನಡುವೆ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ ಎಂದರು ಅವರು. "ಸುಳ್ಳು ಹೇಳಿ ಸಹಿ ಹಾಕಿಸ್ಕೊಳೋಕೆ ನನಗಾಗಲ್ಲ ಕಣ್ರೀ."

"ಇದೂ ಒಂದು ವರಸೆ ಕಣೋ," ಎಂದ ಅಣ್ಣ, ಅವರಿಗೆ ಕೇಳಿಸುವಂತೆಯೇ.

ನನಗೂ ಹಾಗೇ ಅನಿಸಿತು. ನಮ್ಮ ದೇಶದಲ್ಲೇ ಇಟ್ಟುಕೊಂಡು ಏನು ಬೇಕಾದರೂ ಪರೀಕ್ಷೆ ಮಾಡಿ, ಹೊರಗೆ ಕಳಿಸಬೇಡಿ ಎಂದೆ. ಅವರು ಒತ್ತಾಯ ಮಾಡಲಿಲ್ಲ, ಕಾಫಿ ಕುಡಿದು ಹೊರಟರು.

ಸಂಜೆ ಹೆಂಡತಿಯ ತಂಗಿಗೆ ಫೋನು ಮಾಡಿ ಹೇಳಿದೆ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ.

"ಒಳ್ಳೇ ಲೆಕ್ಕಾಚಾರ ಭಾವ," ಎಂದಳು. "ನೀನು ಪಾಲು ಕೇಳ್ಕೊಂಡು ಕೂತಿರು. ನಾಳೆ ಬೆಳಗ್ಗೆ ಎಲೆ ಗುಡ್ಸೋಕೆ ಹೋಗೋಳು ನಾನು."

"ಹೋಗ್ಬೇಡ ಕಣಮ್ಮ."

"ಹಸುಗಳ ಕೆಳಗೆ ಏನ್ ಹಾಸ್ಲಿ, ನಿನ್ ಅನುಮಾನಾನಾ?"

ರಾತ್ರಿ ಊಟ ಸೇರಲಿಲ್ಲ. ಬೆಳಗ್ಗೆ ಡಾಕ್ಟರಮ್ಮನಿಗೆ ಫೋನು ಮಾಡಿ, ಕಳಿಸಿ, ಆದರೆ ಪಾಲಿನ ಮಾತು ಆಗದೆ ಕೊಟ್ಟಿದ್ದೇನೆ ಎಂದು ಆ ಹೊರದೇಶದವರಿಗೆ ತಿಳಿಸಿ ಕಳಿಸಿ ಎಂದೆ. ಹಾಗೇ ಬರೆಯುತ್ತೇನೆ ಎಂದರು, ಜೀಪಿನಲ್ಲಿ ಬಂದು ಸಹಿ ಹಾಕಿಸಿಕೊಂಡು ಹೋದರು. ಬರೆದರೋ ಇಲ್ಲವೋ, ನಾನು ನೋಡಿಲ್ಲ. ನಂಬಿಕೆಯಿಂದ ಸಹಿ ಹಾಕಿದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ನಾನು ಸಹಿ ಹಾಕುವಷ್ಟರಲ್ಲಿ ಹೊತ್ತು ಏರಿತ್ತು, ಅವಳ ತಂಗಿ ಕಾಡಿಗೆ ಹೋಗಿಯಾಗಿತ್ತು.